ಹೊಲದ ಕಬ್ಬಿಣಕ್ಕೆ ಮನೆಯ ಹುಳಿ

ಎತ್ತು ಬಡವಾದರೆ ಒಕ್ಕಲಿಗನು ಮರುಗುವನು. ಬೀಜಕ್ಕೆ ಹುಳ ಬಿದ್ದರೆ ಚಿಂತಿಸುವನು. ಆದರೆ ಕುರ್ಪಿ, ಕುಡಗೋಲು, ಗುದ್ದಲಿ, ಕುಂಟೆಯ ಅಲಗುಗಳಿಗೆ ತುಕ್ಕು ಹಿಡಿದರೆ ಅದನ್ನು ಹಾನಿಯೆಂದು ಎಣಿಸುವವರು ವಿರಳ. ಈ ಉದಾಸೀನತೆಯು ಜಮೀನುದಾರರಿಗೆ ಸಲ್ಲದೆಂಬುದೇ ನಮ್ಮ ಅಭಿಪ್ರಾಯ.

ಭಾಲ್ಕಿ, ಔರಾದ ಸೀಮೆಯ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುವದು. ಕಬ್ಬಿಣಕ್ಕೂ ಹಾಗೆಯೇ ಅಂಟಿಕೊಳ್ಳುವದು. ಹೆಸರು, ಉದ್ದು, ತೊಗರಿಯ ಹೊಲದಲ್ಲಿ ಕಳೆ ತೆಗೆದು ಬಂದ ಕುರ್ಪಿಯನ್ನು ತೊಳೆಯದೆ ಮೂಲೆಗೆ ಎಸೆದರೆ, ಆ ತೇವವೂ ಗಾಳಿಯೂ ಕೂಡಿ ಅಲಗನ್ನು ತಿನ್ನುವವು. ಮೊಂಡಾದ ಅಲಗಿನಿಂದ ಕೆಲಸ ಮಾಡುವ ಹೆಣ್ಣಾಳಿನ ಅಂಗೈ ಬೊಬ್ಬೆ ಏಳುವದು, ಸಾಲು ಹಿಂದೆ ಬೀಳುವದು. ಆಗ ಮಾಲೀಕನು ಆಳನ್ನು ಮೈಗಳ್ಳರೆನ್ನುವನು. ತಪ್ಪು ಕಬ್ಬಿಣದ್ದು, ಅದನ್ನು ನೋಡಿಕೊಳ್ಳದವನದ್ದು.

ಸಂತೆಯಲ್ಲಿ ಹೊಸದು ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕಮ್ಮಾರನ ಕುಲುಮೆಯಲ್ಲಿ ಕಾಸಿ ಬಡಿದ ಹಳೆಯ ಹತ್ಯಾರನ್ನು ಮತ್ತೆ ಹದಗೊಳಿಸಬಹುದು. ಗುಜರಿಗೆ ಹಾಕಿದರೆ ತೂಕದ ಬೆಲೆ ಮಾತ್ರ ಬರುವದು.

ತುಕ್ಕನ್ನು ಬಿಡಿಸುವ ವಸ್ತು ಅಡಿಗೆಯ ಮನೆಯಲ್ಲಿಯೇ ಇರುವದು. ಹುಣಿಸೆ, ನಿಂಬೆ, ವಿನಿಗರ್ ಇವುಗಳ ಹುಳಿಯು ತುಕ್ಕನ್ನು ಕರಗಿಸುವದು. ಎಳ್ಳಮಾವಾಸ್ಯೆಯ ಸುಮಾರಿಗೆ ಕಡಲೆ ಹೊಲದ ಮೇಲೆ ಅರಿವೆ ಹಾಸಿ ಇಬ್ಬನಿಯೊಡನೆ ಹಿಂಡಿ ತೆಗೆಯುವ ಹುಳಿಯೂ ಇದೇ ಜಾತಿಯದು. ಆದರೆ ಅದು ಅಲ್ಪವಾಗಿ ದೊರೆಯುವದರಿಂದ ಈ ಕೆಲಸಕ್ಕೆ ಹುಣಿಸೆಯೇ ಸುಲಭ.

ಮೊದಲು ಹಿಡಿಕೆಯನ್ನು ಬಿಚ್ಚಿ, ಮಣ್ಣನ್ನೂ ಜಿಡ್ಡನ್ನೂ ತೊಳೆಯಬೇಕು. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಗಟ್ಟಿಯಾದ ಹುಣಿಸೆಯ ರಸವನ್ನಾಗಲಿ ವಿನಿಗರನ್ನಾಗಲಿ ತುಂಬಿ, ಕಬ್ಬಿಣವು ಪೂರ್ಣ ಮುಳುಗುವಂತೆ ಒಂದು ರಾತ್ರಿ ಇಡಬೇಕು. ತರುವಾಯ ತೆಂಗಿನ ನಾರಿನಿಂದ ತಿಕ್ಕಬೇಕು. ತುಕ್ಕು ಹೋದ ಮೇಲೆ ಹುಳಿಯು ಕಬ್ಬಿಣವನ್ನೇ ತಿನ್ನತೊಡಗುವದರಿಂದ ದಿನಗಟ್ಟಲೆ ಮರೆತು ಬಿಡಲಾಗದು. ಬೂದಿಯ ತಿಳಿನೀರಿನಲ್ಲಾಗಲಿ ಸೋಡಾ ನೀರಿನಲ್ಲಾಗಲಿ ಅದ್ದಿ ಹುಳಿಯನ್ನು ಮುರಿದು, ತೊಳೆದು, ಕೂಡಲೆ ಒರೆಸಿ ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ಇದನ್ನು ತಡಮಾಡಿದರೆ ತಾಸಿನೊಳಗೆ ಹೊಸ ತುಕ್ಕು ಮೂಡುವದು.

ಬ್ಯಾಟರಿಯ ಆಮ್ಲವನ್ನೂ ಪಾಯಖಾನೆ ತೊಳೆಯುವ ಆಮ್ಲವನ್ನೂ ಬಳಸತಕ್ಕದ್ದಲ್ಲ; ಅವು ಚರ್ಮವನ್ನು ಸುಡುವವು, ಹದಗೊಳಿಸಿದ ಅಲಗನ್ನು ಪೆಡಸು ಮಾಡುವವು. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಬೆರೆಸಬಾರದು, ವಿಷವಾಯು ಹುಟ್ಟುವದು. ಬಳಸಿದ ನೀರನ್ನು ದನಗಳ ಬಾಯಿಗೆ ಸಿಗದಂತೆ ಚೆಲ್ಲಬೇಕು.

ಬೀದರದವರಿಗೆ ಇನ್ನೊಂದು ಎಚ್ಚರಿಕೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಬಿದರಿ ಪಾತ್ರೆಗಳು ಬಹುಪಾಲು ಸತುವಿನವು. ಕೋಟೆಯ ಮಣ್ಣೂ ನವಸಾಗರವೂ ಕೂಡಿ ಅವುಗಳಿಗೆ ಕಪ್ಪು ಬಣ್ಣ ಕೊಡುವವು. ಕಬ್ಬಿಣಕ್ಕೆ ಹಿತವಾದ ಹುಳಿಯು ಸತುವನ್ನು ಕರಗಿಸುವದಾದುದರಿಂದ ಬಿದರಿಯನ್ನಾಗಲಿ ಸತು ಲೇಪಿಸಿದ ಬಕೀಟನ್ನಾಗಲಿ ಇದಕ್ಕೆ ತಾಗಿಸಬಾರದು.

ತುಕ್ಕು ತೆಗೆದ ಮಾತ್ರಕ್ಕೆ ಧನುರ್ವಾಯುವಿನ ಭಯ ತೀರದು. ಅದರ ಬೀಜವು ಮಣ್ಣು ಸಗಣಿಗಳಲ್ಲಿರುವದು. ಗಾಯವಾದ ಆಳನ್ನು ತಡಮಾಡದೆ ದವಾಖಾನೆಗೆ ಕಳುಹಿ ಸೂಜಿ ಹಾಕಿಸುವದು ಮಾಲೀಕನ ಧರ್ಮ.

ನಾವು ಆಯುಧಪೂಜೆಯ ದಿನ ಕಬ್ಬಿಣಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಅದನ್ನು ಕೆಸರಿನಲ್ಲಿ ಬಿಡುತ್ತೇವೆ. ಊರ ಹಿರಿಯರು ಮೃಗಶಿರಾ ಮಳೆಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಆಳುಗಳ ಸ್ವಂತ ಕುರ್ಪಿಗಳನ್ನೂ ಕೂಡಿಸಿ, ಶುಚಿಗೊಳಿಸಿ, ಸೀಳಿದವನ್ನು ಕಮ್ಮಾರನಿಗೆ ಒಪ್ಪಿಸಿ, ಅದರ ಕೂಲಿಯನ್ನು ಜಮೀನುದಾರರೇ ವಹಿಸುವಂತೆ ಏರ್ಪಡಿಸಬೇಕು. ಆಳಿನ ಕೈಯಲ್ಲಿಯ ಹರಿತವಾದ ಅಲಗಿನ ಲಾಭವು ಮೊದಲು ಸೇರುವದು ಮಾಲೀಕನ ಕಣಜಕ್ಕೇ ಅಲ್ಲವೇ?