ಅಡುಗೆಮನೆಯ ಬಾಗಿಲಿನಿಂದ ಕಂಡ ಚರಿತ್ರೆ

ಇಂಗ್ಲೆಂಡಿನ ಲೇಖಕಿ ಆಲಿಸನ್ ಅಟ್ಲಿಯವರ ‘ಎ ಟ್ರಾವೆಲರ್ ಇನ್ ಟೈಮ್’ ಪ್ರಕಟವಾದದ್ದು 1939ರಲ್ಲಿ. ಅತಿಮಾನುಷ ಅಂಶವುಳ್ಳ ಕಿಶೋರ ಕಾದಂಬರಿಯೆಂದೊಡನೆ ಮಕ್ಕಳ ಕಪಾಟಿಗೆ ತಳ್ಳಿ ಮರೆತುಬಿಡುವುದು ನಮ್ಮ ಓದುಬಲ್ಲವರ ರೂಢಿ. ವಿದ್ಯಾರ್ಥಿದೆಸೆಯಲ್ಲಿ ಮೆಚ್ಚಿದ್ದ ಈ ಕೃತಿಯನ್ನು ಐವತ್ತು ದಾಟಿದ ಮೇಲೆ ಪುನಃ ಓದಿದಾಗ, ಎಳೆಯರಿಗೆ ಚರಿತ್ರೆಯನ್ನು ಹೇಗೆ ಹೇಳಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ಕಂಡಿಲ್ಲವೆನಿಸಿತು.

ಕಥೆ ಸರಳವಾದದ್ದು. ಲಂಡನ್ನಿನ ಪೆನೆಲೋಪಿ ಎಂಬ ಬಾಲಕಿ ಆರೋಗ್ಯ ಸುಧಾರಣೆಗೆಂದು ಡಾರ್ಬಿಶೈರಿನ ಥ್ಯಾಕರ್ಸ್ ಎಂಬ ಹಳೆಯ ಒಕ್ಕಲುಮನೆಗೆ ಬರುತ್ತಾಳೆ. ಒಂದು ದಿನ ಕಂಬಳಿ ತರಲು ಹೋಗಿ ಯಾವುದೋ ಬಾಗಿಲನ್ನು ತೆರೆದರೆ, ಒಳಗೆ ಮುನ್ನೂರು ವರ್ಷಗಳಿಗೂ ಹಿಂದಿನ ಉಡುಪಿನ ಹೆಂಗಸರು ಕುಳಿತಿದ್ದಾರೆ! ಅಲ್ಲಿಂದ ಅವಳು ಒಂದನೆಯ ಎಲಿಜಬೆತ್ ರಾಣಿಯ ಕಾಲಕ್ಕೂ ತನ್ನ ಕಾಲಕ್ಕೂ ನಡುವೆ ಓಡಾಡತೊಡಗುತ್ತಾಳೆ. ಮನೆಯ ಒಡೆಯನಾದ ಆಂಥನಿ ಬ್ಯಾಬಿಂಗ್ಟನ್, ಸಮೀಪದ ವಿಂಗ್‌ಫೀಲ್ಡ್‌ನಲ್ಲಿ ಸೆರೆಯಲ್ಲಿರುವ ಸ್ಕಾಟರ ರಾಣಿ ಮೇರಿಯನ್ನು ಸುರಂಗದ ಮೂಲಕ ಬಿಡಿಸುವ ಹವಣಿಕೆಯಲ್ಲಿದ್ದಾನೆ.

ಇದರ ಕೊನೆ ಏನೆಂದು ಬಾಲಕಿಗೆ ಗೊತ್ತು. ಬ್ಯಾಬಿಂಗ್ಟನ್‌ನನ್ನು 1586ರಲ್ಲಿಯೂ, ಮೇರಿಯನ್ನು 1587ರ ಫೆಬ್ರವರಿಯಲ್ಲಿಯೂ ವಧಿಸಲಾಯಿತು. ಆದರೆ ಹಿಂದಿನ ಕಾಲಕ್ಕೆ ಕಾಲಿಟ್ಟೊಡನೆ ಅವಳ ತಿಳಿವಳಿಕೆ ಮಂಜಾಗುತ್ತದೆ. ನೆನಪಾದಾಗ ಆಡಿದ ಮಾತು ಅವರ ದುಃಖವನ್ನು ಹೆಚ್ಚಿಸುತ್ತದೆಯೇ ಹೊರತು ಏನನ್ನೂ ತಡೆಯುವುದಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದುವಾಗ ಕೊಡಗಿನ ಗತಿ ತಿಳಿದಿದ್ದೂ ನಾವು ಪಡುವ ಸಂಕಟವನ್ನೇ ಅಟ್ಲಿಯವರು ಪಾತ್ರವೊಂದರ ಎದೆಯೊಳಗೆ ಇಟ್ಟಿದ್ದಾರೆ. ಹಿಂದಕ್ಕೆ ಹೋಗಿ ಎಲ್ಲವನ್ನೂ ಸರಿಪಡಿಸಿ ಬರುವ ಈಚಿನ ಕಾಲಯಾನದ ಸಾಹಸಗಳು ಇದರ ಮುಂದೆ ನನಗೆ ಬಾಲಿಶವಾಗಿ ತೋರುತ್ತವೆ.

ಪೆನೆಲೋಪಿ ಹಿಂದಿನ ಕಾಲವನ್ನು ಬಹುಮಟ್ಟಿಗೆ ಕಾಣುವುದು ಅಡುಗೆಮನೆಯಿಂದ. ಅಲ್ಲಿ ಯಜಮಾನಿಕೆ ಸಿಸಿಲಿ ಟೇಬರ್ನರ್ ಎಂಬಾಕೆಯದು. ಇಪ್ಪತ್ತನೆಯ ಶತಮಾನದ ಥ್ಯಾಕರ್ಸ್‌ನಲ್ಲಿ ಒಕ್ಕಲುತನ ನಡೆಸುತ್ತಿರುವ ಅಜ್ಜಿಯ ಹೆಸರೂ ಸಿಸಿಲಿ ಟೇಬರ್ನರ್! ಒಡೆಯರ ವಂಶ ಆ ಮನೆಯಿಂದ ಅಳಿಸಿಹೋಗಿದೆ. ಊಳಿಗದವರ ವಂಶ ಅದೇ ಹೆಸರು, ಅದೇ ಮುಖ, ಅದೇ ಒಲೆಯೊಡನೆ ಉಳಿದಿದೆ. ಮೊದಲ ಓದಿಗೆ ನನಗೆ ಸುರಂಗವೇ ಮುಖ್ಯವಾಗಿತ್ತು. ಈಗ ಈ ಒಲೆ.

ನಮ್ಮ ಹೊರನಾಡ ಸಂಘಗಳ ರಾಜ್ಯೋತ್ಸವ ವೇದಿಕೆಯನ್ನು ನೆನೆಯಿರಿ. ಪುಲಕೇಶಿ, ಕೃಷ್ಣದೇವರಾಯ, ಬಣ್ಣದ ಕಾಗದದ ಕಿರೀಟ, ತೊದಲುವ ಸಂಭಾಷಣೆ. ಮುಂಬಯಿಯಲ್ಲೋ ದೆಹಲಿಯಲ್ಲೋ ಹುಟ್ಟಿದ ಮಗುವಿಗೆ ಕರ್ನಾಟಕವೆಂದರೆ ದಂಡಯಾತ್ರೆಯೆಂಬ ಭಾವನೆ ಬಂದರೆ ತಪ್ಪು ಮಗುವಿನದಲ್ಲ. ವಿಜಯನಗರದ ದಂಡಿಗೆ ರೊಟ್ಟಿ ಬಡಿದವರು ಯಾರು, ಅವರ ಮೊಮ್ಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆಯಿಂದ ನಾಟಕವೊಂದನ್ನು ಯಾರಾದರೂ ಬರೆದುಕೊಟ್ಟರೆ ನಮ್ಮ ಕಾರ್ಯಕಾರಿ ಸಮಿತಿಗಳು ಒಪ್ಪಿಯಾವೇ? ವೇಷಭೂಷಣದ ಖರ್ಚಂತೂ ಉಳಿದೀತು.

ಅಟ್ಲಿಯವರು ಹುಟ್ಟಿ ಬೆಳೆದದ್ದು ಬ್ಯಾಬಿಂಗ್ಟನ್ನರ ಡೆಥಿಕ್ ಗ್ರಾಮಕ್ಕೆ ಹತ್ತಿರದ ಬೇಸಾಯದ ಮನೆಯಲ್ಲಿ. ಓದಿದ್ದು ಮ್ಯಾಂಚೆಸ್ಟರಿನಲ್ಲಿ ಭೌತಶಾಸ್ತ್ರ. ಇವರ ಅತಿಮಾನುಷದಲ್ಲಿ ಮಂತ್ರತಂತ್ರವಿಲ್ಲದಿರುವುದಕ್ಕೆ ಇದೇ ಕಾರಣವೆಂದು ಹೇಳುವ ಧೈರ್ಯ ನನಗಿಲ್ಲವಾದರೂ, ಬಾಗಿಲು, ಮೆಟ್ಟಿಲು, ಮೂಲಿಕೆಗಳ ಘಮ ಇವಿಷ್ಟರಿಂದಲೇ ಕಾಲವನ್ನು ದಾಟಿಸುವ ಮಿತವ್ಯಯ ಬೆರಗು ಹುಟ್ಟಿಸುತ್ತದೆ.

ಆದರೆ ಒಂದು ಆಕ್ಷೇಪವನ್ನು ಹೇಳಲೇಬೇಕು. ಕಾದಂಬರಿ ಮೇರಿಯ ಪಕ್ಷಕ್ಕೆ ಮನಸೋತಿದೆ. ಮುಂದೆ ಬ್ಯಾಬಿಂಗ್ಟನ್ ಮೇರಿಗೆ ಬರೆದ ಗುಪ್ತಲಿಪಿಯ ಪತ್ರದಲ್ಲಿ ಎಲಿಜಬೆತ್ತಳ ಹತ್ಯೆಯ ಪ್ರಸ್ತಾಪವೂ ಇತ್ತು. ಬಿಯರ್ ಪೀಪಾಯಿಗಳಲ್ಲಿ ಸಾಗುತ್ತಿದ್ದ ಆ ಪತ್ರಗಳನ್ನು ಸಚಿವ ವಾಲ್ಸಿಂಗ್‌ಹ್ಯಾಮ್‌ನ ಜನ ಬಿಚ್ಚಿ ಓದುತ್ತಿದ್ದರು. ಜೀವಮಾನವಿಡೀ ಸರ್ಕಾರಿ ಕಡತಗಳೊಡನೆ ಕಳೆದ ನನ್ನಂಥವನಿಗೆ ಈ ಭಾಗವೇ ಹೆಚ್ಚು ಕುತೂಹಲಕರ. ಕಥೆಯಾದರೋ ಅದಕ್ಕೆ ಮೊದಲೇ ನಿಲ್ಲುತ್ತದೆ. ಹದಿಮೂರರ ಓದುಗರಿಗೆ ಪುಸ್ತಕವನ್ನು ಕೊಡುವ ಹಿರಿಯರು ಈ ಪತ್ರದ ಸಂಗತಿಯನ್ನೂ ಹೇಳಲಿ, ಆದರೆ ಓದಿ ಮುಗಿಸಿದ ಮೇಲೆ. ಮೊದಲು ಅವರು ಜೂಡ್ ಎಂಬ ಮೂಕ ಹುಡುಗನನ್ನು ಕಾಣಲಿ. ಇವಳು ಈ ಕಾಲದವಳಲ್ಲವೆಂದು ಗುರುತಿಸಬಲ್ಲವನು ಅವನು. ಅಸೂಯೆಗೊಂಡ ಅರಬೆಲ್ಲಾ ಅವಳನ್ನು ನೆಲದಡಿಯ ಕತ್ತಲೆಯಲ್ಲಿ ಕೂಡಿಹಾಕಿದಾಗ ಹುಡುಕಿ ಬಿಡಿಸುವವನೂ ಅವನೇ. ಯಾವ ದಾಖಲೆಯಲ್ಲಿಯೂ ಅವನ ಹೆಸರಿಲ್ಲ.