ಸಾರ್ವಜನಿಕ ಸ್ಥಳಗಳಲ್ಲಿ ವಿಕಲಚೇತನರಿಗೆ ತಾರತಮ್ಯ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಕಾನೂನಿನ ಮಾರ್ಗ

ಸಾರ್ವಜನಿಕ ಕಟ್ಟಡಗಳಿಗೆ ವಿಕಲಚೇತನರು ಅಡೆತಡೆಯಿಲ್ಲದೆ ಪ್ರವೇಶಿಸುವಂತಾಗಲು ಇರುವ ಮಾನದಂಡಗಳು ಕೇವಲ ಮಾರ್ಗಸೂಚಿಗಳಾಗಿ ಉಳಿಯತಕ್ಕದ್ದಲ್ಲ, ಅವು ಕಡ್ಡಾಯ ನಿಯಮಗಳಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪು ನೀಡಿತು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಬಂದ ತೀರ್ಪು ಇದಾಗಿದೆ. 2017ರ ಕೇಂದ್ರ ನಿಯಮಾವಳಿಯ 15(1)ನೇ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವಾಗಿದೆಯೆಂದು ಅದನ್ನು ಅನೂರ್ಜಿತಗೊಳಿಸಿದ ನ್ಯಾಯಾಲಯವು, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಒಂದು ಅರ್ಜಿ ಈ ಹಂತ ತಲುಪಲು ಸುಮಾರು 19 ವರ್ಷ ಹಿಡಿಯಿತೆಂಬುದನ್ನೂ ಇಲ್ಲಿ ಗಮನಿಸಬೇಕು.

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಈ ವಿಷಯವು ದೂರದ್ದಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೂ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೂ ವರ್ಷವಿಡೀ ಭಕ್ತರು ಬರುತ್ತಾರೆ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳೆಗಾರರೂ, ಬಸ್ ನಿಲ್ದಾಣಕ್ಕೆ ಸುತ್ತಲಿನ ಗ್ರಾಮಗಳ ಜನರೂ ಬರುತ್ತಾರೆ. ಇವರಲ್ಲಿ ವಿಕಲಚೇತನರೂ ಇದ್ದಾರೆ. ಒಳಗೆ ಹೋಗಲು ಸಾಧ್ಯವಾಗದಿದ್ದಾಗ ಅದನ್ನು ವಿಧಿಯೆಂದೋ, ಯಾರಾದರೂ ಎತ್ತಿಕೊಂಡು ಹೋದರೆ ಅದನ್ನು ಉಪಕಾರವೆಂದೋ ಭಾವಿಸುವ ವಾಡಿಕೆ ಇದೆ. ಕಾನೂನಿನ ದೃಷ್ಟಿಯಲ್ಲಿ ಇವೆರಡೂ ಸರಿಯಲ್ಲ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದರ 3ನೇ ಪ್ರಕರಣವು ತಾರತಮ್ಯವನ್ನು ನಿಷೇಧಿಸುತ್ತದೆ. ಅವಶ್ಯಕವಾದ ಯುಕ್ತ ಅನುಕೂಲವನ್ನು ಕಲ್ಪಿಸಲು ನಿರಾಕರಿಸುವುದೂ ತಾರತಮ್ಯವೇ ಎಂದು 2ನೇ ಪ್ರಕರಣ ಹೇಳುತ್ತದೆ. ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಟ್ಟಡ ಮಾತ್ರವಲ್ಲ. ಜನರು ಬಳಸುವ ಖಾಸಗಿ ಕಲ್ಯಾಣ ಮಂಟಪ, ಚಿತ್ರಮಂದಿರ, ಅಂಗಡಿ ಮಳಿಗೆಗಳೂ ಅದರಲ್ಲಿ ಸೇರುತ್ತವೆ. ಸಾರ್ವಜನಿಕ ಸೇವೆಗಳ ಪಟ್ಟಿಯಲ್ಲಿ ಮಾರುಕಟ್ಟೆ ಮತ್ತು ಸಾರಿಗೆಯ ಜೊತೆಗೆ ಧಾರ್ಮಿಕ ಸೇವೆಗಳನ್ನೂ ಸ್ಪಷ್ಟವಾಗಿ ಹೆಸರಿಸಲಾಗಿದೆ. ಹಳೆಯ ಕಟ್ಟಡಗಳ ಮಾರ್ಪಾಡಿಗೆ ನೀಡಿದ್ದ ಐದು ವರ್ಷಗಳ ಅವಧಿಯು, ನಿಯಮಗಳು ಪ್ರಕಟವಾದ 2017ರ ಜೂನ್ 15ರಿಂದ ಲೆಕ್ಕ ಹಾಕಿದರೆ, 2022ರ ಜೂನ್‌ನಲ್ಲಿ ಮುಗಿದಿದೆ.

ಈ ರಕ್ಷಣೆಗೆ ಶೇಕಡ 40ರ ವೈಕಲ್ಯ ಇರಲೇಬೇಕೆಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಆ ಮಿತಿ ಮೀಸಲಾತಿಯಂತಹ ಕೆಲವು ಸೌಲಭ್ಯಗಳಿಗೆ ಸಂಬಂಧಿಸಿದ್ದು. ಯುಕ್ತ ಅನುಕೂಲದ ಹಕ್ಕಿಗೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಬೆಟ್ಟದ ಕ್ಷೇತ್ರಗಳಲ್ಲಿ ಎದುರಾಗಬಹುದಾದ ಪ್ರತಿವಾದವನ್ನು ಮೊದಲೇ ಊಹಿಸಬಹುದು: ದೇವಾಲಯ ಪ್ರಾಚೀನವಾದದ್ದು, ಸುತ್ತಲೂ ಅರಣ್ಯವಿದೆ, ಬಂಡೆಯನ್ನು ಕಡಿಯಲಾಗದು. ನ್ಯಾಯಸಮ್ಮತ ಉದ್ದೇಶಕ್ಕೆ ಅನುಪಾತದಲ್ಲಿರುವ ಕ್ರಮವನ್ನು 3ನೇ ಪ್ರಕರಣವೇ ಹೊರತುಪಡಿಸುತ್ತದೆ. ಯುಕ್ತ ಅನುಕೂಲವೂ ಮಿತಿಮೀರಿದ ಹೊರೆ ಆಗತಕ್ಕದ್ದಲ್ಲ. ಆದರೆ ಈ ವಾದದ ವ್ಯಾಪ್ತಿ ಕಿರಿದು. ಬಂಡೆಯನ್ನು ಕಡಿಯಲಾಗದೆಂಬುದು ಸರತಿ ಸಾಲಿನಲ್ಲಿ ಗಾಲಿಕುರ್ಚಿ ಹಾಯುವಷ್ಟು ಜಾಗ ಬಿಡದಿರಲು, ಶೌಚಾಲಯದ ಬಾಗಿಲನ್ನು ಅಗಲಗೊಳಿಸದಿರಲು ಕಾರಣವಾಗಲಾರದು. ಆದ್ದರಿಂದ ದೂರಿನಲ್ಲಿ "ಇಳಿಜಾರು ಇಲ್ಲ" ಎಂದಷ್ಟೇ ಬರೆಯುವುದು ದುರ್ಬಲ ಕ್ರಮ. ಯಾವ ದಿನ, ಯಾವ ಸೇವೆಯನ್ನು ಪಡೆಯಲು ಹೋದಾಗ, ಯಾವ ಅನುಕೂಲವನ್ನು ಕೇಳಲಾಯಿತು, ಯಾರು ಏನು ಹೇಳಿ ನಿರಾಕರಿಸಿದರು ಎಂಬುದನ್ನು ಬರೆದಾಗ ಅದು ತಾರತಮ್ಯದ ದೂರಾಗುತ್ತದೆ. ಅನುಕೂಲವನ್ನು ಮೊದಲು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಂಡರೆ ಮುಂದೆ ಸಾಕ್ಷ್ಯಕ್ಕೆ ಪರದಾಡಬೇಕಿಲ್ಲ.

ದೂರನ್ನು ರಾಜ್ಯ ವಿಕಲಚೇತನರ ಆಯುಕ್ತರಿಗೆ ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೂ ಅವರು ಕೊನೆಗೆ ನೀಡುವುದು ಶಿಫಾರಸು. ಸಂಬಂಧಿಸಿದ ಪ್ರಾಧಿಕಾರವು ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಒಪ್ಪದಿದ್ದರೆ ಕಾರಣಗಳನ್ನು ನೀಡಿ, ದೂರುದಾರರಿಗೂ ತಿಳಿಸಬೇಕು. ವ್ಯವಸ್ಥೆಯ ದೌರ್ಬಲ್ಯ ಇರುವುದು ಇಲ್ಲಿಯೇ. ಆದರೆ ಆ ಲಿಖಿತ ಕಾರಣಗಳೇ ಮುಂದೆ ಸಂವಿಧಾನದ 226ನೇ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯಕ್ಕೆ ಹೋಗಲು ಆಧಾರವಾಗಬಲ್ಲವು.

ಅವಮಾನದ ಪ್ರಕರಣಗಳ ಹಾದಿ ಬೇರೆ. ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ವಿಕಲಚೇತನರನ್ನು ಅಪಮಾನಿಸಿದರೆ 92ನೇ ಪ್ರಕರಣದಡಿ ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಂತಹ ಅಪರಾಧಗಳ ತ್ವರಿತ ವಿಚಾರಣೆಗೆ ಪ್ರತಿ ಜಿಲ್ಲೆಯಲ್ಲಿ ಒಂದು ಸತ್ರ ನ್ಯಾಯಾಲಯವನ್ನು ವಿಶೇಷ ನ್ಯಾಯಾಲಯವೆಂದು ಗೊತ್ತುಪಡಿಸಲು ಅಧಿನಿಯಮವು ಅವಕಾಶ ಕಲ್ಪಿಸಿದೆ. ಆರೋಪಿಯು ಸರ್ಕಾರಿ ನೌಕರನಾಗಿದ್ದರೆ 94ನೇ ಪ್ರಕರಣದಂತೆ ಸರ್ಕಾರದ ಪೂರ್ವಾನುಮತಿ ಬೇಕು. ಇದು ವಿಳಂಬಕ್ಕೆ ದಾರಿ ಮಾಡುವ ಅಂಶ. ಅಧಿನಿಯಮದ ಇತರ ಉಲ್ಲಂಘನೆಗಳಿಗೆ ಮೊದಲ ಬಾರಿ ರೂ. 10,000ದವರೆಗೆ, ನಂತರದ ಉಲ್ಲಂಘನೆಗಳಿಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ದಂಡವಿದೆ.

ಪರಿಹಾರ ದೊರೆತ ನಿದರ್ಶನವೂ ಇದೆ. 2012ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ವಿಮಾನದಿಂದ ಕೆಳಗಿಳಿಸಲ್ಪಟ್ಟ ಜೀಜಾ ಘೋಷ್ ಅವರಿಗೆ ರೂ. 10 ಲಕ್ಷ ನೀಡುವಂತೆ ಸರ್ವೋಚ್ಚ ನ್ಯಾಯಾಲಯವು 2016ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಸಂಸ್ಥೆಗೆ ಆದೇಶಿಸಿತು. ಆಗ ಈಗಿನ ಅಧಿನಿಯಮವು ಇನ್ನೂ ಬಂದಿರಲಿಲ್ಲ. ಹಣ ಪಾವತಿಸಿ ಪಡೆದ ಸೇವೆಯಲ್ಲಿ ನ್ಯೂನತೆಯಾದಾಗ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು.

ವಕೀಲರ ಶುಲ್ಕದ ಭಯದಿಂದ ಹಿಂದೆ ಸರಿಯಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದ ಮೇರೆಗೆ ವಿಕಲಚೇತನರು ವರಮಾನ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಕಾಡಂಚಿನ ಹಾಡಿ, ಪೋಡುಗಳಿಂದ ಪಟ್ಟಣಕ್ಕೆ ಬರಲಾಗದವರು ಅರ್ಜಿ ಬರೆಯಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಪಡೆದು, ಅದನ್ನು ಅಂಚೆಯ ಮೂಲಕ ಕಳುಹಿಸಬಹುದು.