ತಿಂಗಳ ಬಿಲ್ಲು, ವರ್ಷದ ಬೆಳೆ

ಸಿರುಗುಪ್ಪದ ಪೇಟೆಯಲ್ಲಿ ಗೊಬ್ಬರದ ಅಂಗಡಿಯಿಂದ ಚಹಾದ ಅಂಗಡಿಯವರೆಗೆ ಎಲ್ಲಿ ನಿಂತು ನೋಡಿದರೂ ಕಪ್ಪು ಬಿಳುಪಿನ ಚೌಕದ ಚೀಟಿಯೊಂದು ಕಣ್ಣಿಗೆ ಬೀಳುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಕೆಲವು ವರ್ಷಗಳ ಹಿಂದೆ ಆ ಚೀಟಿಗೆ ಫೋನನ್ನು ಹಿಡಿದರೆ ನಮ್ಮ ಖಾತೆಯಲ್ಲಿದ್ದ ನಮ್ಮ ಹಣವೇ ಹೋಗುತ್ತಿದ್ದಿತು. ೨೦೨೨ರ ಸೆಪ್ಟೆಂಬರಿನಲ್ಲಿ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ವ್ಯವಸ್ಥೆಗೆ ಜೋಡಿಸಿಕೊಳ್ಳುವ ಸೌಕರ್ಯವು ಬಂದಂದಿನಿಂದ, ಅದೇ ಚೀಟಿಗೆ ಅದೇ ಫೋನನ್ನು ಹಿಡಿದು ನಮ್ಮದಲ್ಲದ ಹಣವನ್ನೂ ವೆಚ್ಚ ಮಾಡಬಹುದಾಗಿದೆ. ಎರಡಕ್ಕೂ ಬೆರಳಿಗೆ ಆಗುವ ಶ್ರಮವು ಒಂದೇ. ಕಿಸೆಯಿಂದ ನೋಟನ್ನು ತೆಗೆಯುವಾಗ ಕೈಯು ಒಂದು ಕ್ಷಣ ತಡೆಯುತ್ತಿದ್ದಿತು. ಸಾಲವನ್ನು ಕೇಳಲು ಹೋಗುವಾಗ ಕಾಲು ಅದಕ್ಕಿಂತಲೂ ಹೆಚ್ಚು ತಡೆಯುತ್ತಿದ್ದಿತು. ಈ ಎರಡು ತಡೆಗಳೂ ಈಗ ಇಲ್ಲವಾಗಿವೆ.

ಸಾಲದ ವಿಷಯದಲ್ಲಿ ಸರ್ವಜ್ಞನನ್ನು ಉದಾಹರಿಸಿ ಜನರಿಗೆ ಬುದ್ಧಿ ಹೇಳುವುದು ಸಂಪಾದಕರಾದವರಿಗೆ ಬಹಳ ಸುಲಭವಾದ ಕೆಲಸ. ನಾವು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಕಾರ್ಡು ತಾನೇ ಒಂದು ಪಾಪದ ವಸ್ತುವೆಂಬುದೂ ನಮ್ಮ ಅಭಿಪ್ರಾಯವಲ್ಲ. ಬಿಲ್ಲಿನ ಪೂರ್ಣ ಮೊಬಲಗನ್ನು ಗಡುವಿನೊಳಗೆ ತಪ್ಪದೆ ಸಲ್ಲಿಸುವವನಿಗೆ ಖರೀದಿಯ ಮೇಲೆ ಬಡ್ಡಿಯೆಂಬುದೇ ಇಲ್ಲ. ಅಂಥವನಿಗೆ ಕಾರ್ಡು ಒಂದು ತಿಂಗಳ ಕೈಗಡವಿದ್ದಂತೆ. ಆದರೆ ಬ್ಯಾಂಕುಗಳು ಈ ವ್ಯವಹಾರದಲ್ಲಿ ಪಡೆಯುವ ಬಡ್ಡಿಯ ಲಾಭವು ಅವನಿಂದ ಬರತಕ್ಕದ್ದಲ್ಲ. ಅದು ಯಾರಿಂದ ಬರುತ್ತದೆ, ಹೇಗೆ ಬರುತ್ತದೆ ಎಂಬುದೇ ಈ ದಿನ ನಾವು ವಿಚಾರಕ್ಕೆ ತೆಗೆದುಕೊಂಡಿರುವ ವಿಷಯವು.

ನಮ್ಮ ಸೀಮೆಯಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವ ವಾಡಿಕೆಯಿಲ್ಲ. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಅಷ್ಟು ಎಂದು ಕುರುಗೋಡಿನ ಅಕ್ಷರವರಿಯದ ಮುದುಕಿಗೂ ಗೊತ್ತು. ಮೂರು ರೂಪಾಯಿ ಬಡ್ಡಿಗೆ ಹಣ ಕೊಡುವವನನ್ನು ಊರಿನ ಕಟ್ಟೆಯ ಮೇಲೆ ಯಾವ ಮಾತಿನಿಂದ ಕರೆಯುತ್ತಾರೆಂಬುದನ್ನು ಈ ಅಂಕಣದಲ್ಲಿ ಅಚ್ಚುಹಾಕಲಾಗದು. ಹೀಗಿರುವಲ್ಲಿ, ಇಂದು ಪ್ರಚಾರದಲ್ಲಿರುವ ಅನೇಕ ಕ್ರೆಡಿಟ್ ಕಾರ್ಡುಗಳ ಬಡ್ಡಿಯು ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿರುವುದನ್ನೂ, ಆ ಬಡ್ಡಿಯ ಮೇಲೆ ನೂರಕ್ಕೆ ೧೮ರಂತೆ ಜಿಎಸ್‌ಟಿ ತೆರಿಗೆಯು ಬೇರೆ ಬೀಳುವುದನ್ನೂ ಎಷ್ಟು ಮಂದಿ ಬಲ್ಲರು? ಕಟ್ಟೆಯ ಮೇಲೆ ಕುಳಿತು ಲೇವಾದೇವಿಗಾರನನ್ನು ಹಳಿಯುವ ಅದೇ ಗೃಹಸ್ಥರು, ಅವನಿಗಿಂತ ಅರ್ಧ ರೂಪಾಯಿ ಹೆಚ್ಚಿನ ಬಡ್ಡಿಯ ಪತ್ರವನ್ನು ಹೊಳೆಯುವ ಕಾರ್ಡಿನ ರೂಪದಲ್ಲಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುತ್ತಾರೆ.

ಕಳೆದ ತಿಂಗಳು ನಮ್ಮ ಅಚ್ಚುಕೂಟದಲ್ಲಿ ಕೆಲಸಮಾಡುವ ಒಬ್ಬರು ತಮ್ಮ ಬಿಲ್ಲನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಬಾಕಿ ೫೦,೦೦೦ ರೂಪಾಯಿ. ಅದರ ಕೆಳಗೆ, ಈ ತಿಂಗಳು ಕಟ್ಟಬೇಕಾದ ಕನಿಷ್ಠ ಮೊಬಲಗು ೨,೫೦೦ ರೂಪಾಯಿ ಎಂದು ಬರೆದಿದ್ದಿತು. “ಕಂತು ಸಣ್ಣದೇ ಇದೆಯಲ್ಲ ಸಾಹೇಬರೆ, ತಪ್ಪದೆ ಕಟ್ಟುತ್ತಾ ಬಂದಿದ್ದೇನೆ, ಬಾಕಿ ಮಾತ್ರ ಇಳಿಯುತ್ತಿಲ್ಲ” ಎಂಬುದು ಅವರ ಅಳಲು. ನಾವು ಪಾಠಶಾಲೆಯಲ್ಲಿ ಬಾಯಿಲೆಕ್ಕ ಕಲಿತು ಮೆಟ್ರಿಕ್ಯುಲೇಶನ್ನಿಗೆ ನಿಂತವರು. ಆದರೂ ಈ ಲೆಕ್ಕಕ್ಕೆ ಅಷ್ಟು ವಿದ್ಯೆ ಸಾಕು. ಐವತ್ತು ಸಾವಿರಕ್ಕೆ ಮೂರೂವರೆ ರೂಪಾಯಿಯಂತೆ ತಿಂಗಳ ಬಡ್ಡಿ ೧,೭೫೦, ಅದರ ಮೇಲಿನ ತೆರಿಗೆ ೩೧೫, ಒಟ್ಟು ೨,೦೬೫. ಅವರು ಕಟ್ಟಿದ ೨,೫೦೦ರಲ್ಲಿ ಅಸಲಿಗೆ ಮುಟ್ಟಿದ್ದು ೪೩೫ ರೂಪಾಯಿ ಮಾತ್ರ. ಇನ್ನು ಮೇಲೆ ಆ ಕಾರ್ಡಿನಿಂದ ಒಂದು ಕಾಸಿನ ವಸ್ತುವನ್ನೂ ಕೊಳ್ಳದೆ ತಿಂಗಳು ತಿಂಗಳಿಗೆ ಅದೇ ೨,೫೦೦ ರೂಪಾಯಿಯನ್ನು ಬಿಡದೆ ಕಟ್ಟಿದರೆ, ಸಾಲ ತೀರುವುದಕ್ಕೆ ನಲವತ್ತನಾಲ್ಕು ತಿಂಗಳು ಹಿಡಿಯುತ್ತದೆ. ಕೈಬಿಟ್ಟ ಹಣವು ಸುಮಾರು ಒಂದು ಲಕ್ಷ ಎಂಟು ಸಾವಿರ ಆಗುತ್ತದೆ. ಬಾಕಿ ಇಳಿದಂತೆಲ್ಲ ಬಿಲ್ಲಿನಲ್ಲಿ ಕಾಣಿಸುವ ಕನಿಷ್ಠ ಮೊಬಲಗೂ ಇಳಿಯುತ್ತ ಹೋಗುವುದರಿಂದ, ಅಷ್ಟನ್ನೇ ಕಟ್ಟುತ್ತ ಹೋದವನ ಗತಿಯು ಇನ್ನೂ ದೀರ್ಘವಾದುದು. ಇದರ ಮೇಲೆ ಮತ್ತೊಂದು ಸಂಗತಿ: ಹಿಂದಿನ ಬಾಕಿ ಉಳಿದಿರುವಷ್ಟು ಕಾಲ, ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿಯೂ ದೊರೆಯುವುದಿಲ್ಲ.

ನಾವು ಲೆಕ್ಕವನ್ನು ಮುಗಿಸಿ ತಲೆಯೆತ್ತಿದಾಗ ಆ ಗೃಹಸ್ಥರು ಮಾತನಾಡಲಿಲ್ಲ. ಬಿಲ್ಲು ಇಂಗ್ಲಿಷಿನಲ್ಲಿದ್ದಿತು. ಕನಿಷ್ಠ ಮೊಬಲಗನ್ನು ಮಾತ್ರ ಕಟ್ಟುತ್ತಿದ್ದರೆ ಸಾಲವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುವುದೆಂಬ ಎಚ್ಚರಿಕೆಯೂ ಅದರಲ್ಲಿದ್ದಿತು, ಅದೂ ಇಂಗ್ಲಿಷಿನಲ್ಲಿ.

ಬಳ್ಳಾರಿಯ ಹಿರಿಯರಿಗೆ ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗಬಹುದು. ಈ ಜಿಲ್ಲೆಯು ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲಿ, ೧೯೩೮ರಲ್ಲಿ, ಶ್ರೀ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಕೃಷಿಕರ ಋಣಪರಿಹಾರದ ಕಾಯಿದೆಯನ್ನು ತಂದಿತು. ಹಳೆಯ ಸಾಲಗಳ ವಿಷಯದಲ್ಲಿ ಅದರ ಒಂದು ವಿಧಿಯು ಬಹು ಸರಳವಾಗಿದ್ದಿತು: ಅಸಲೆಂದೋ ಬಡ್ಡಿಯೆಂದೋ ಯಾವ ಹೆಸರಿನಿಂದಲಾದರೂ ಸರಿಯೆ, ಅಸಲಿನ ಎರಡರಷ್ಟನ್ನು ರೈತನು ಕೊಟ್ಟಿದ್ದಲ್ಲಿ ಆ ಸಾಲವು ಪೂರ್ಣವಾಗಿ ತೀರಿತೆಂದೇ ಭಾವಿಸತಕ್ಕದ್ದು. ಬಡ್ಡಿಯು ಅಸಲನ್ನು ಮೀರಕೂಡದೆಂದು ಸ್ಮೃತಿಕಾರರು ಹೇಳಿದುದು, ಮುಂಬಯಿ ಪ್ರಾಂತದ ನ್ಯಾಯಾಲಯಗಳು ದಾಮ್‌ದುಪಟ್ ಎಂಬ ಹೆಸರಿನಿಂದ ನಡೆಸಿಕೊಂಡು ಬಂದುದು, ಇದೇ ಭಾವನೆಯಿಂದ. ನಮ್ಮ ಅಚ್ಚುಕೂಟದ ಗೃಹಸ್ಥರ ಲೆಕ್ಕಕ್ಕೆ ಆ ಅಳತೆಯನ್ನು ಹಿಡಿದು ನೋಡಿದರೆ, ನಲವತ್ತನೆಯ ತಿಂಗಳಿನಲ್ಲಿಯೇ ಅವರು ಎರಡರಷ್ಟನ್ನು ಕೊಟ್ಟು ಮುಗಿಸಿರುತ್ತಾರೆ. ಕಾರ್ಡಿನ ಖಾತೆಯಲ್ಲಿ ಮಾತ್ರ ಅವರು ಇನ್ನೂ ಸಾಲಗಾರರೇ. ಎಂಬತ್ತು ವರ್ಷಗಳಿಗೂ ಹಿಂದೆ ಎತ್ತು ಬಿತ್ತನೆಗೆಂದು ಸಾಲಮಾಡಿದ ಬಳ್ಳಾರಿಯ ರೈತನಿಗೆ ಇದ್ದ ರಕ್ಷಣೆಯು, ಟೆಲಿವಿಜನ್ನಿಗೆಂದು ಸಾಲಮಾಡಿದ ಅವನ ಮೊಮ್ಮಗನಿಗೆ ಇಲ್ಲ.

ಮಿತಿಯನ್ನು ಹಾಕುವ ಪ್ರಯತ್ನವು ಆಗಲೇ ಇಲ್ಲವೆಂದಲ್ಲ. ವರ್ಷಕ್ಕೆ ನೂರಕ್ಕೆ ೩೦ಕ್ಕಿಂತ ಹೆಚ್ಚಿನ ಕಾರ್ಡಿನ ಬಡ್ಡಿಯು ಅನುಚಿತ ವ್ಯಾಪಾರಪದ್ಧತಿಯೆಂದು ೨೦೦೮ರ ಜುಲೈ ತಿಂಗಳಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ತೀರ್ಪಿತ್ತಿದ್ದಿತು. ೨೦೨೪ರ ಡಿಸೆಂಬರ್ ೨೦ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಉಭಯ ಪಕ್ಷದವರು ಒಪ್ಪಿ ಮಾಡಿಕೊಂಡ ಕರಾರನ್ನು ತಿದ್ದುವ ಅಧಿಕಾರವು ಆಯೋಗಕ್ಕಿಲ್ಲ, ಬಡ್ಡಿಯ ವಿಷಯವು ರಿಜರ್ವ್ ಬ್ಯಾಂಕಿಗೆ ಸೇರಿದ್ದು ಎಂಬುದು ಅದರ ಸಾರಾಂಶ. ಸರ್ವೋಚ್ಚ ನ್ಯಾಯಾಲಯದ ನಿರ್ಣಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಪ್ಪಿ ಮಾಡಿಕೊಂಡದ್ದೆಂಬ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಓದಲಾಗದ ಭಾಷೆಯ ಸಣ್ಣಕ್ಷರದ ಹಾಳೆಗೆ ಫೋನಿನಲ್ಲಿ ಬೆರಳೊತ್ತಿದವನು ಏನನ್ನು ಒಪ್ಪಿದನು? ಯಾವ ಆಸ್ತಿಯ ಆಧಾರವೂ ಇಲ್ಲದೆ ಕೊಟ್ಟ ಸಾಲವಾದ್ದರಿಂದ ಹೆಚ್ಚಿನ ಬಡ್ಡಿ ಅನಿವಾರ್ಯವೆಂದು ಬ್ಯಾಂಕಿನವರು ಹೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಹಳೆಯ ಸಾಹುಕಾರನೂ ಅದನ್ನೇ ಹೇಳುತ್ತಿದ್ದನು.

ನಮ್ಮ ಜಿಲ್ಲೆಯ ಸ್ಥಿತಿಯಲ್ಲಿ ಈ ವಿಷಯಕ್ಕೆ ಒಂದು ವಿಶೇಷವಾದ ಕಠಿಣತೆಯುಂಟು. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಸಂಬಳ ಪಡೆಯುವವರಿಗೆಂದು ಹುಟ್ಟಿದ ವ್ಯವಸ್ಥೆಯದು. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರನಿಗೆ ತಿಂಗಳ ಸಂಬಳವೆಲ್ಲಿಯದು? ಮಳೆಗಾಲದಲ್ಲಿ ಗೊಬ್ಬರಕ್ಕೂ ಔಷಧಕ್ಕೂ ಸುರಿದ ಹಣವು, ಕಾಯಿ ಕೆಂಪಾಗಿ ಒಣಗಿ ಬ್ಯಾಡಗಿಯ ಮಾರುಕಟ್ಟೆಯನ್ನು ಮುಟ್ಟಿದ ಮೇಲೆ ಬರತಕ್ಕದ್ದು. ಬಂದೇ ತೀರುವುದೆಂಬ ಭರವಸೆಯೂ ಇಲ್ಲ. ೨೦೨೪ರ ಮಾರ್ಚಿಯಲ್ಲಿ ಧಾರಣೆ ಕುಸಿದಾಗ ಬ್ಯಾಡಗಿಯಲ್ಲಿ ನಡೆದುದನ್ನು ಯಾರೂ ಮರೆತಿಲ್ಲ. ಸಿರುಗುಪ್ಪದ ಭತ್ತವು ತುಂಗಭದ್ರೆಯ ನೀರನ್ನು ನಂಬಿದೆ. ಅದೇ ವರ್ಷದ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ ಇಡೀ ನದಿಬಯಲು ನಿದ್ದೆಗೆಟ್ಟಿತು. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವವರಿಗೆ ಕೆಲಸವಿದ್ದ ವಾರ ಕೂಲಿ, ಇಲ್ಲದ ವಾರ ಇಲ್ಲ. ಇನ್ನು ಗಣಿಯ ಕಾಲದ ಲಾರಿಗಳ ಕಥೆಯನ್ನು ಹೇಳಬೇಕೆ? ಆ ಸುಗ್ಗಿಯು ಎಂದೆಂದಿಗೂ ಇರುವುದೆಂದು ನಂಬಿ ಕಂತಿನ ಸಾಲದಿಂದ ಲಾರಿ ಕೊಂಡವರು, ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಇಲ್ಲಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ನಿಂತ ಲಾರಿಯ ಮುಂದೆ ನಿಲ್ಲದ ಕಂತನ್ನು ಎಣಿಸುತ್ತ ಕುಳಿತರು. ಆದಾಯವು ನಿಂತರೂ ಬಿಲ್ಲಿನ ತಾರೀಖು ನಿಲ್ಲುವುದಿಲ್ಲವೆಂಬುದನ್ನು ಈ ಊರು ಆಗಲೇ ಒಮ್ಮೆ ಕಂಡಿದೆ.

ರೈತರಲ್ಲಿ ಇನ್ನೊಂದು ಗೊಂದಲವು ಹಬ್ಬಿರುವುದನ್ನು ನಾವು ಬಲ್ಲೆವು. ಕಾರ್ಡು ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ವಸ್ತುಗಳು ತಿರುಗುತ್ತಿವೆ. ೧೯೯೮ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷ ರೂಪಾಯಿಯವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ನೂರಕ್ಕೆ ೭. ಗಡುವಿನೊಳಗೆ ತೀರಿಸಿದವನಿಗೆ ೩ರ ರಿಯಾಯಿತಿ ದೊರೆತು ನಾಲ್ಕೇ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು ೨೦೨೩ರಲ್ಲಿ ಐದು ಲಕ್ಷಕ್ಕೆ ಏರಿಸಲಾಯಿತು. ವರ್ಷಕ್ಕೆ ನಾಲ್ಕು ಎಲ್ಲಿ, ತಿಂಗಳಿಗೆ ಮೂರೂವರೆ ಎಲ್ಲಿ! ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದ ನಾಡು ಇದು. ಸಂಘದ ಬಾಗಿಲಲ್ಲಿ ಕಾಗದಪತ್ರಗಳಿಗಾಗಿ ಹತ್ತು ಸಲ ಅಲೆಯಬೇಕಾದ ರೈತನು, ಹತ್ತು ನಿಮಿಷದಲ್ಲಿ ಫೋನಿನಲ್ಲಿ ದೊರೆಯುವ ಸಾಲಕ್ಕೆ ಒಲಿಯುವುದು ಆಶ್ಚರ್ಯವಲ್ಲ. ಇದರಲ್ಲಿ ಸಂಘಗಳ ಕಾರ್ಯದರ್ಶಿಗಳ ಪಾಲೂ ಇದೆಯೆಂಬುದನ್ನು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಈಗಾಗಲೇ ಸಿಕ್ಕಿಬಿದ್ದವರು ಮಾಡಬೇಕಾದುದೇನು? ಮೊದಲು, ಎಷ್ಟು ಸಾಲವಿದೆಯೆಂದು ಮನೆಯಲ್ಲಿ ಹೇಳುವುದು. ನಾವು ಕಂಡಿರುವ ಮಟ್ಟಿಗೆ ಬಡ್ಡಿಗಿಂತ ಹೆಚ್ಚಾಗಿ ಕೊಲ್ಲುವುದು ಹೆಂಡತಿಯಿಂದ, ತಂದೆಯಿಂದ ಬಚ್ಚಿಟ್ಟ ಬಿಲ್ಲು. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡನ್ನು ಉಜ್ಜುವುದನ್ನೂ, ಕಾರ್ಡಿನಿಂದ ನಗದು ತೆಗೆಯುವುದನ್ನೂ ಅಂದೇ ಬಿಡತಕ್ಕದ್ದು. ನಗದಿಗೆ ತೆಗೆದ ದಿನದಿಂದಲೇ ಬಡ್ಡಿ. ಬ್ಯಾಂಕಿನಲ್ಲಿ ಕಡಮೆ ಬಡ್ಡಿಯ ಸಾಲವು ದೊರೆಯುವುದಾದರೆ, ಮನೆಯಲ್ಲಿ ಒಡವೆಯಿದ್ದು ಅದನ್ನು ಬ್ಯಾಂಕಿನಲ್ಲಿ ಒತ್ತೆಯಿಡಲು ಸಾಧ್ಯವಿದ್ದರೆ, ಅದರಿಂದ ಕಾರ್ಡಿನ ಬಾಕಿಯನ್ನು ಒಮ್ಮೆಲೇ ತೀರಿಸಿ ಕಾರ್ಡನ್ನು ಮುಚ್ಚಿಸುವುದು ಲೇಸು. ಒಡವೆಯನ್ನು ಒತ್ತೆಯಿಡಿರೆಂದು ಪತ್ರಿಕೆಯಲ್ಲಿ ಬರೆಯುವ ಕಾಲ ಬಂದುದಕ್ಕೆ ನಮಗೂ ಖೇದವಿದೆ. ಆದರೆ ಲೆಕ್ಕವು ಲೆಕ್ಕವೇ. ಕಾರ್ಡನ್ನು ಮುಚ್ಚಲು ಅರ್ಜಿ ಕೊಟ್ಟವನು ಬಾಕಿಯಿಲ್ಲದವನಾಗಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕೆಂದೂ, ತಪ್ಪಿದರೆ ದಿನಕ್ಕೆ ೫೦೦ ರೂಪಾಯಿ ದಂಡ ತೆರಬೇಕೆಂದೂ, ಕೇಳದವನ ಮೇಲೆ ಕಾರ್ಡನ್ನು ಹೇರಕೂಡದೆಂದೂ ರಿಜರ್ವ್ ಬ್ಯಾಂಕು ೨೦೨೨ರಲ್ಲಿಯೇ ವಿಧಿಸಿತು. ವಸೂಲಿಯವರು ಬೆಳಗಿನ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಕರೆ ಮಾಡಕೂಡದೆಂಬುದೂ ಅದೇ ವರ್ಷದ ಆಜ್ಞೆ. ಇದನ್ನು ಮೀರುವವರ ಮೇಲೆ ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು, ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು; ಅದಕ್ಕೆ ಖರ್ಚಿಲ್ಲ. ಸಾಲಮಾಡಿದವನು ಅಪರಾಧಿಯಲ್ಲ, ಅವನು ಹೆದರಿ ಊರು ಬಿಡಬೇಕಾದ ಕಾರಣವಿಲ್ಲ.

ನಮ್ಮ ಕಡೆಯ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯವಾಗಿದೆ. ದೀಪಾವಳಿಯ ದಿನಗಳಲ್ಲಿ ಈ ಪತ್ರಿಕೆಯಲ್ಲಿಯೂ ಕಾರ್ಡಿನ ಜಾಹೀರಾತುಗಳು ಪ್ರಕಟವಾಗಿವೆ. ಅವುಗಳ ಹಣದಿಂದ ನಾವು ಕಾಗದ ಕೊಂಡಿದ್ದೇವೆ. ಇನ್ನು ಮುಂದೆ ತಿಂಗಳ ಬಡ್ಡಿಯ ದರವನ್ನು ಕನ್ನಡದಲ್ಲಿ, ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ ತೋರಿಸದ ಯಾವ ಕಾರ್ಡಿನ ಜಾಹೀರಾತನ್ನೂ ನಾವು ತೆಗೆದುಕೊಳ್ಳುವುದಿಲ್ಲ. ನಷ್ಟವನ್ನು ಲೆಕ್ಕಹಾಕಿಯೇ ಈ ಮಾತನ್ನು ಬರೆದಿದ್ದೇವೆ.

ಅಧಿಕಾರಸ್ಥರಲ್ಲಿ ನಮ್ಮ ಕೋರಿಕೆಯು ದೊಡ್ಡದೇನೂ ಅಲ್ಲ. ಬಡ್ಡಿಗೆ ಮಿತಿಯಿರಬೇಕೆ ಎಂಬ ಪ್ರಶ್ನೆಯನ್ನು ರಿಜರ್ವ್ ಬ್ಯಾಂಕು ಇತ್ಯರ್ಥಪಡಿಸುವವರೆಗೆ, ಬಿಲ್ಲನ್ನಾದರೂ ಅದನ್ನು ತೆರುವವನ ಭಾಷೆಯಲ್ಲಿ ಕೊಡಲಿ. ಕನಿಷ್ಠ ಮೊಬಲಗಿನ ಪಕ್ಕದಲ್ಲಿಯೇ, ಅದನ್ನಷ್ಟೇ ಕಟ್ಟಿದರೆ ಎಷ್ಟು ತಿಂಗಳು, ಒಟ್ಟು ಎಷ್ಟು ರೂಪಾಯಿ ಎಂಬುದನ್ನು ಅಂಕಿಯಲ್ಲಿ ಬರೆಯಲಿ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ೨೦೨೫ರ ಮೇ ೧ರಂದು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕೆನಿಸಿದುವು. ಅದರ ಪ್ರಧಾನ ಕಛೇರಿಯು ನಮ್ಮ ಬಳ್ಳಾರಿಯಲ್ಲಿಯೇ ಇದೆ. ಸಾಲದ ಲೆಕ್ಕವನ್ನೆಲ್ಲ ಹೀಗೆ ಕನ್ನಡದಲ್ಲಿ ಬಿಡಿಸಿ ಕೊಡುವ ಮೇಲ್ಪಂಕ್ತಿಯನ್ನು ಆ ಬ್ಯಾಂಕೇ ಹಾಕಬಹುದು. ಈ ಸಂಚಿಕೆಯ ಪ್ರತಿಯೊಂದನ್ನು ಅದರ ಅಧ್ಯಕ್ಷರಿಗೆ ಕಳುಹಿಸುತ್ತಿದ್ದೇವೆ. ಅವರಿಂದ ಬರುವ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.